ಗಿಲಾವಿಲ್ಲದ ಗೋಡೆಯ ಲೆಕ್ಕ



ಸಮ್ಮೇಳನದ ಸಮಿತಿಯವರು ಫೋನ್ ಮಾಡಿ "ಈ ಸಲದ ಆಶಯ ಭಾಷಣ ನಿಮ್ಮದು" ಎಂದಾಗ ನಾನು ಮೊದಲು ಕೇಳಿದ್ದು, "ತೆರಿಗೆಯ ಬಗ್ಗೆಯೇ?" ಎಂದು. ಚಾರ್ಟರ್ಡ್ ಅಕೌಂಟೆಂಟನನ್ನು ಇನ್ನೇಕೆ ಕರೆಯುತ್ತಾರೆ? "ಬೇಡ ಸಾರ್, ಊಟಕ್ಕೆ ಮುಂಚಿನ ಭಾಷಣ, ಜನ ಎದ್ದು ಹೋಗ್ತಾರೆ. ಏನಾದರೂ ಇತಿಹಾಸ ಹೇಳಿ" ಎಂದರು. ಹಾಗಾಗಿ ಊಟದ ಕೋಣೆಯ ಇತಿಹಾಸವನ್ನೇ ತಂದಿದ್ದೇನೆ. ಅದರೊಳಗೆ ತೆರಿಗೆ ತಾನಾಗಿಯೇ ಬಂದು ಕೂತಿದೆ. ಅದಕ್ಕೆ ನಾನು ಹೊಣೆಯಲ್ಲ.

ನಮ್ಮದು ಬರ್ಮಿಂಗ್‌ಹ್ಯಾಮ್‌ನಲ್ಲಿ 1890ರ ದಶಕದಲ್ಲಿ ಕಟ್ಟಿದ ಒಂದು ಸಾಲುಮನೆ. ಇಂಥ ಮನೆಗಳ ಊಟದ ಕೋಣೆಯಲ್ಲಿ ಒಂದು ಗೋಡೆಯ ಗಿಲಾವು ಕೆರೆಸಿ, ಒಳಗಿನ ಇಟ್ಟಿಗೆ ಕಾಣುವಂತೆ ಬಿಡುವುದು ಈಗ ಬಹಳ ಜನರ ಆಸೆ. ನಿಮ್ಮಲ್ಲೂ ಹಲವರ ಮನೆಯಲ್ಲಿ ಅಂಥ ಗೋಡೆಯ ಪಕ್ಕ ಕೂತು ನಾನು ಬಿಸಿಬೇಳೆಬಾತ್ ಉಂಡಿದ್ದೇನೆ. ನಮ್ಮ ಮನೆಯಾಕೆಗೂ ಅದು ಇಷ್ಟವಾಯಿತು. ಮೇಸ್ತ್ರಿಯನ್ನು ಕರೆಸಿ ಅಂದಾಜು ಪಟ್ಟಿ ತೆಗೆದುಕೊಂಡೆವು. ಅದೇ ವಾರ ತಿಪಟೂರಿನಲ್ಲಿರುವ ಅಪ್ಪನಿಗೆ ವಿಡಿಯೊ ಕಾಲ್‌ನಲ್ಲಿ ಸುದ್ದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನಪ್ಪಾ, ಇರೋ ಗಿಲಾವು ಕೀಳೋಕೆ ದುಡ್ಡು ಕೊಡ್ತೀಯಾ? ಅದನ್ನ ಹಾಕಿಸೋಕೆ ನಾವು ಒಂಬತ್ತು ವರ್ಷ ಕಾದ್ವಲ್ಲೋ" ಎಂದರು.

ಅಪ್ಪ ಹೈಸ್ಕೂಲ್ ಮೇಷ್ಟ್ರು. ಎಂಬತ್ತರ ದಶಕದಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದರು. ಕೆರೆಗೋಡಿನಿಂದ ಮಾಡಿದ ನಾಡ ಇಟ್ಟಿಗೆ, ಮಣ್ಣಿನ ಗಾರೆ. ತಾರಸಿ ಬೀಳುವ ಹೊತ್ತಿಗೆ ದುಡ್ಡು ಮುಗಿಯಿತು. ಹಜಾರಕ್ಕೆ ಮಾತ್ರ ಗಿಲಾವಾಯಿತು. ಊಟದ ಮನೆ ಬರಿ ಇಟ್ಟಿಗೆಯಲ್ಲೇ ಉಳಿಯಿತು. ಗೋಡೆಗೆ ಒರಗಿ ಕೂತರೆ ಶಾಲೆಯ ಬಿಳಿ ಅಂಗಿಯ ಬೆನ್ನು ಕೆಂಪಾಗುತ್ತಿತ್ತು. ಅದನ್ನು ಒಗೆದು ಬಿಳಿ ಮಾಡುವುದು ಅಮ್ಮನ ಭಾನುವಾರದ ಕೆಲಸ. ಇಟ್ಟಿಗೆಯ ಸಂದಿನಿಂದ ಇರುವೆ ಬರುತ್ತಿದ್ದ ಕಡೆ ಸೊಸೈಟಿ ಬ್ಯಾಂಕಿನ ಕ್ಯಾಲೆಂಡರ್ ನೇತುಹಾಕಿದ್ದರು. ಒಂದು ದಿನ ಊಟಕ್ಕೆ ಬಂದ ಸಹಪಾಠಿ ಸುತ್ತ ನೋಡಿ "ನಿಮ್ಮನೆ ಇನ್ನೂ ಮುಗಿದಿಲ್ವಾ?" ಎಂದ. ಅವನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಆಮೇಲೆ ನಾನು ಯಾರನ್ನೂ ಊಟಕ್ಕೆ ಕರೆಯಲಿಲ್ಲ.

ನಾವು ನಾಚಿಕೆಯಿಂದ ಮುಚ್ಚಿದ್ದನ್ನು ಇಲ್ಲಿ ದುಡ್ಡು ಕೊಟ್ಟು ತೆರೆಯುತ್ತಾರೆ. ಇದು ಹೇಗೆ ಬಂತು ಎಂದು ತಿಳಿಯುವ ಹಟದಿಂದ ಓದಲು ಕೂತೆ. ಓದಿದಷ್ಟೂ ಆ ಗೋಡೆ ನನಗೆ ಒಂದು ಲೆಕ್ಕದ ಪುಸ್ತಕದಂತೆ ಕಾಣತೊಡಗಿತು.

ಇಂಗ್ಲೆಂಡಿನ ಇಟ್ಟಿಗೆಯ ಕಥೆಯಲ್ಲಿ ದೊಡ್ಡ ತಿರುವು 1666ರ ಲಂಡನ್ ಬೆಂಕಿ. ಮರದ ಮನೆಗಳ ಆ ನಗರ ನಾಲ್ಕೈದು ದಿನಗಳಲ್ಲಿ ಬೂದಿಯಾಯಿತು. 1667ರ ಕಾನೂನು ಇನ್ನು ಮುಂದೆ ಮನೆಗಳ ಹೊರಗೋಡೆ ಇಟ್ಟಿಗೆಯದ್ದೋ ಕಲ್ಲಿನದ್ದೋ ಆಗಬೇಕು ಎಂದಿತು. ಲಂಡನ್ ಸುತ್ತಮುತ್ತ ಇಟ್ಟಿಗೆಗೆ ಹೇಳಿ ಮಾಡಿಸಿದಂಥ ಮಣ್ಣು ಬೇಕಾದಷ್ಟಿತ್ತು. ಇಟ್ಟಿಗೆ ನಗರದ ಮೈಯಾಯಿತು.

ಹೊರಗೆ ಮೈಯಾದ ಇಟ್ಟಿಗೆಗೆ ಮನೆಯೊಳಗೆ, ಅದರಲ್ಲೂ ಊಟದ ಕೋಣೆಯಲ್ಲಿ, ಮುಖ ತೋರಿಸಲು ಅವಕಾಶವಿರಲಿಲ್ಲ. ಹದಿನೆಂಟನೇ ಶತಮಾನದ ಹೆಸರಾಂತ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಊಟದ ಕೋಣೆಯ ಬಗ್ಗೆ ಒಂದು ಮಾತು ಬರೆದಿದ್ದಾನೆ. ಅಲ್ಲಿನ ಗೋಡೆಗೆ ರೇಷ್ಮೆ ಬಟ್ಟೆ, ಚಿತ್ರಗಂಬಳಿ ಬೇಡ, ಅವು ಆಹಾರದ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ನುಣ್ಣನೆಯ ಗಾರೆ ಕೆಲಸವೇ ಸರಿ ಎನ್ನುವುದು ಅದರ ಸಾರ. ಪಶ್ಚಿಮ ಲಂಡನ್ನಿನ ಆಸ್ಟರ್ಲಿ ಪಾರ್ಕಿನಲ್ಲಿ ಅವನು ಹಾಗೆ ಮಾಡಿದ ಊಟದ ಕೋಣೆ ಇವತ್ತಿಗೂ ಇದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಗೋಡೆ ನೋಡಿ ಬನ್ನಿ. ಒಗ್ಗರಣೆ ವಾಸನೆ ಪರದೆಯಲ್ಲಿ ಮೂರು ದಿನ ಉಳಿಯುತ್ತದೆ ಎಂದು ಬಾಡಿಗೆ ಮನೆಯ ಒಡತಿಯಿಂದ ಮಾತು ಕೇಳಿದ ನಮಗೆಲ್ಲ ಆಡಮ್ ಹೇಳಿದ್ದು ಬೇಗ ಅರ್ಥವಾಗುತ್ತದೆ.

ಈಗ ತೆರಿಗೆ. 1783ರಲ್ಲಿ ಅಮೆರಿಕದ ಯುದ್ಧ ಮುಗಿದಾಗ ಬ್ರಿಟನ್ನಿನ ಮೇಲೆ ದೊಡ್ಡ ಸಾಲವಿತ್ತು. 1784ರಲ್ಲಿ ಕಿರಿಯ ಪಿಟ್ಟನ ಸರ್ಕಾರ ಇಟ್ಟಿಗೆಯ ಮೇಲೆ ತೆರಿಗೆ ಹಾಕಿತು: ಸಾವಿರ ಇಟ್ಟಿಗೆಗೆ 2 ಶಿಲ್ಲಿಂಗ್ 6 ಪೆನ್ಸ್. ಅದೇ 1784ರ ಮಾರ್ಚಿನಲ್ಲಿ ಟಿಪ್ಪು ಸುಲ್ತಾನನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಮಂಗಳೂರು ಒಪ್ಪಂದವಾಯಿತು. ಎರಡನ್ನೂ ಕೂಡಿಸಿ "ನಮ್ಮ ಮೈಸೂರಿನ ಯುದ್ಧಕ್ಕೇ ಇವರು ಇಟ್ಟಿಗೆ ತೆರಿಗೆ ಕಟ್ಟಿದರು" ಎಂದು ಹೇಳುವ ಆಸೆ ನನಗೂ ಆಯಿತು. ಆದರೆ ಮೈಸೂರಿನ ಯುದ್ಧದ ಖರ್ಚು ಕಂಪನಿಯ ಪುಸ್ತಕದ್ದು, ಅಮೆರಿಕದ ಯುದ್ಧದ ಸಾಲ ಸರ್ಕಾರದ ಪುಸ್ತಕದ್ದು. ಬೇರೆ ಬೇರೆ ಖಾತೆಗಳನ್ನು ಬೆರೆಸುವುದು ನನ್ನ ವೃತ್ತಿಗೆ ಸಲ್ಲದು.

1794ರಲ್ಲಿ ಈ ದರ 4 ಶಿಲ್ಲಿಂಗ್ ಆಯಿತು. ಮುಂದೆ ಏರುತ್ತಾ 5 ಶಿಲ್ಲಿಂಗ್ 10 ಪೆನ್ಸ್ ಮುಟ್ಟಿತು. ಇಪ್ಪತ್ತು ಸಾವಿರ ಇಟ್ಟಿಗೆ ಹಿಡಿಯುವ ಒಂದು ಮನೆ ಎಂದುಕೊಳ್ಳಿ. ಶುರುವಿನಲ್ಲಿ ಅದರ ತೆರಿಗೆ ಎರಡೂವರೆ ಪೌಂಡ್. ಕೊನೆಕೊನೆಗೆ ಐದು ಪೌಂಡ್ 16 ಶಿಲ್ಲಿಂಗ್ 8 ಪೆನ್ಸ್. ಅಧಿಕಾರಿ ಬಂದು ಎಣಿಸುತ್ತಿದ್ದದ್ದು ಸುಟ್ಟ ಇಟ್ಟಿಗೆಯನ್ನಲ್ಲ, ಒಣಗಲು ಇಟ್ಟ ಹಸಿ ಇಟ್ಟಿಗೆಯನ್ನು. ಮಳೆಗೆ, ಬೆಂಕಿಗೆ ಹಾಳಾಗುವುದಕ್ಕೆಂದು ಒಂದಿಷ್ಟು ರಿಯಾಯಿತಿ ಕೊಡುತ್ತಿದ್ದರು.

ತೆರಿಗೆ ಇದ್ದ ಕಡೆ ತೆರಿಗೆ ಸಲಹೆಗಾರನೂ ಇರುತ್ತಾನೆ. ಬರ್ಮಿಂಗ್‌ಹ್ಯಾಮ್‌ನಿಂದ ದೂರವೇನಲ್ಲದ ಮೆಷಮ್ ಎಂಬ ಊರಿನಲ್ಲಿ ಜೋಸೆಫ್ ವಿಲ್ಕ್ಸ್ ಎಂಬ ಉದ್ಯಮಿ ಇದ್ದ. ತೆರಿಗೆ ಇರುವುದು ಎಣಿಕೆಯ ಮೇಲೆ, ಗಾತ್ರದ ಮೇಲಲ್ಲ ಎಂದು ಕಂಡುಕೊಂಡು, ಮಾಮೂಲಿಗೆ ಸುಮಾರು ಎರಡರಷ್ಟು ದೊಡ್ಡ ಇಟ್ಟಿಗೆ ಮಾಡಿಸಿದ. ಆ ದಪ್ಪ ಇಟ್ಟಿಗೆಯ ಕಟ್ಟಡಗಳು ಮೆಷಮ್‌ನಲ್ಲಿ ಇನ್ನೂ ನಿಂತಿವೆ. ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಸರ್ಕಾರ ಎಚ್ಚೆತ್ತು, 150 ಘನ ಅಂಗುಲಕ್ಕಿಂತ ದೊಡ್ಡ ಇಟ್ಟಿಗೆಗೆ ದುಪ್ಪಟ್ಟು ತೆರಿಗೆ ಹಾಕಿತು. ಕಾನೂನಿನ ಸಂದಿನಲ್ಲಿ ನುಸುಳುವುದು, ಆ ಸಂದನ್ನು ಕಾನೂನು ಮುಚ್ಚುವುದು — ನನ್ನ ಕಚೇರಿಯಲ್ಲಿ ಇವತ್ತಿಗೂ ನಡೆಯುವ ಕೆಲಸ ಇದೇ.

ಹಾಗೆ ನೋಡಿದರೆ ಅಂದಿನ ಊಟದ ಕೋಣೆಯ ಒಂದು ಗೋಡೆಗೆ ಮೂರು ತೆರಿಗೆ. ಗೋಡೆಯ ಇಟ್ಟಿಗೆಗೆ 1784ರಿಂದ 1850ರವರೆಗೆ. ಅದರಲ್ಲಿನ ಕಿಟಕಿಗೆ 1696ರಿಂದ 1851ರವರೆಗೆ. ಮೇಲೆ ಅಂಟಿಸುವ ಬಣ್ಣದ ಕಾಗದಕ್ಕೆ 1712ರಿಂದ 1836ರವರೆಗೆ.

ತೆರಿಗೆ ಹೋಯಿತು, ಉಳಿತಾಯದ ಬುದ್ಧಿ ಹೋಗಲಿಲ್ಲ. ಅದು ಮೊದಲಿನಿಂದಲೂ ಇದ್ದದ್ದೇ. ನಮ್ಮ ಕಡೆಯ ಇಟ್ಟಿಗೆ ಗೂಡು ನೋಡಿದವರಿಗೆ ಗೊತ್ತು, ನಡುವಿನ ಇಟ್ಟಿಗೆ ಚೆನ್ನಾಗಿ ಬೇಯುತ್ತದೆ, ಅಂಚಿನದು ಅರೆಬೆಂದು ಉಳಿಯುತ್ತದೆ. ಇಲ್ಲಿಯೂ ಹಾಗೆಯೇ. ಅರೆಬೆಂದದ್ದನ್ನು ಎಸೆಯುತ್ತಿರಲಿಲ್ಲ, ಒಳಗೋಡೆಗೆ ಹಾಕುತ್ತಿದ್ದರು. ಹೇಗೂ ಗಿಲಾವು ಮುಚ್ಚುತ್ತದಲ್ಲ! ನಮ್ಮ ಮನೆಯ ಕಾಲಕ್ಕೆ ಇದು ವ್ಯವಸ್ಥಿತ ವ್ಯಾಪಾರವಾಗಿತ್ತು. ರಸ್ತೆಯ ಕಡೆಗೆ ನುಣುಪಾದ, ಒಂದೇ ಬಣ್ಣದ ಇಟ್ಟಿಗೆ. ಹಿಂದೆ ಮತ್ತು ಒಳಗೆ ಅಗ್ಗದ ಇಟ್ಟಿಗೆ. ಅದರ ಹೆಸರೇ "ಕಾಮನ್ಸ್". ಸಂದುಗಳಲ್ಲಿ ಗಾರೆಯನ್ನು ಹೇಗೆ ಬೇಕೋ ಹಾಗೆ ತುಂಬಿ ಮುಂದೆ ಹೋಗುತ್ತಿದ್ದರು.

ಆ ಅಗ್ಗಕ್ಕೆ ಬೆಲೆ ಕೊಟ್ಟವರಲ್ಲಿ ಮಕ್ಕಳೂ ಇದ್ದರು. ಲೆಸ್ಟರ್‌ಶೈರಿನ ಕೋಲ್ವಿಲ್ ಊರಿನ ಜಾರ್ಜ್ ಸ್ಮಿತ್ ಚಿಕ್ಕಂದಿನಲ್ಲಿ ಇಟ್ಟಿಗೆ ಬಯಲಿನಲ್ಲಿ ಮಣ್ಣು ಹೊತ್ತವನು. ದೊಡ್ಡವನಾದ ಮೇಲೆ ಅಲ್ಲಿನ ಮಕ್ಕಳ ಪಾಡನ್ನು ಬರೆದು 1871ರಲ್ಲಿ ಪುಸ್ತಕವಾಗಿ ತಂದ. ಅದೇ ವರ್ಷದ ಕಾನೂನು ಹತ್ತು ವರ್ಷದೊಳಗಿನ ಮಕ್ಕಳನ್ನೂ ಹದಿನಾರರೊಳಗಿನ ಹುಡುಗಿಯರನ್ನೂ ಇಟ್ಟಿಗೆ ಬಯಲಿನ ಕೆಲಸದಿಂದ ಹೊರಗಿಟ್ಟಿತು. ನಾವು "ಹಳೆಯ ಕಾಲದ ಸೊಗಸು" ಎಂದು ಬಾಯಿಬಿಟ್ಟು ನೋಡುವ ಇಟ್ಟಿಗೆಗಳಲ್ಲಿ ಅದಕ್ಕೂ ಹಿಂದಿನವು ಎಷ್ಟೋ ಇವೆ.

ಹಾಗಾದರೆ ಮುಚ್ಚಿದ ಇಟ್ಟಿಗೆ ಮರ್ಯಾದೆ ಪಡೆದದ್ದು ಯಾವಾಗ? ಒಂದು ಮುಖ್ಯ ಮೆಟ್ಟಿಲು 1859ರಲ್ಲಿ ಶುರುವಾದ ರೆಡ್ ಹೌಸ್. ಲಂಡನ್ ಹತ್ತಿರದ ಬೆಕ್ಸ್‌ಲಿಹೀತ್‌ನಲ್ಲಿ ಕವಿ, ಕುಶಲಕರ್ಮಿ ವಿಲಿಯಂ ಮಾರಿಸನಿಗಾಗಿ ಅವನ ಗೆಳೆಯ ಫಿಲಿಪ್ ವೆಬ್ ಕಟ್ಟಿದ ಮನೆ. ಮನೆಯ ಹೊರಮೈಗೆ ಬಿಳಿ ಗಾರೆ ಬಳಿದು ಕಲ್ಲಿನಂತೆ ತೋರಿಸುವುದು ದೊಡ್ಡಸ್ತಿಕೆಯಾಗಿದ್ದ ಕಾಲದಲ್ಲಿ ಕೆಂಪು ಇಟ್ಟಿಗೆಯನ್ನು ಹಾಗೇ ಬಿಟ್ಟರು. ಒಳಗಿನ ಬೈಠಕ್ಕಿನ ಅಗ್ಗಿಷ್ಟಿಕೆಯೂ ಬರಿ ಇಟ್ಟಿಗೆಯದೇ. ವಸ್ತು ಏನಿದೆಯೋ ಅದಾಗಿಯೇ ಕಾಣಲಿ ಎನ್ನುವುದು ಅವರ ನಿಲುವು. ಸುಮಾರು ನೂರು ವರ್ಷದ ನಂತರ, 1950ರ ದಶಕದಲ್ಲಿ, ಲ ಕಾರ್ಬೂಸಿಯೆ ಪ್ಯಾರಿಸ್ ಬಳಿಯ ಜಾವುಲ್ ಮನೆಗಳಲ್ಲಿ ವಾಸದ ಕೋಣೆಯೊಳಗೇ ಒರಟು ಇಟ್ಟಿಗೆ ಗೋಡೆ ಬಿಟ್ಟ. ಇವರೆಲ್ಲ ಕಟ್ಟುವಾಗಲೇ ತೀರ್ಮಾನಿಸಿದವರು ಎಂಬುದನ್ನು ನೆನಪಿಡಿ.

ಗಿಲಾವು ಕಿತ್ತು ತೋರಿಸುವ ರೂಢಿಯನ್ನು ಬೆಳೆಸಿದ್ದು ಬಹುಮಟ್ಟಿಗೆ ಮುಚ್ಚಿದ ಕಾರ್ಖಾನೆಗಳು. ನ್ಯೂಯಾರ್ಕಿನ ಸೋಹೊದಲ್ಲಿ 1960ರ ದಶಕದಲ್ಲಿ ಚಿತ್ರಕಾರರು ಖಾಲಿ ಬಿದ್ದ ಕಾರ್ಖಾನೆ ಮಹಡಿಗಳಿಗೆ ಬಂದು ಸೇರಿದರು. ಅಲ್ಲಿ ಗೋಡೆಗಳು ಮೊದಲೇ ಬರಿ ಇಟ್ಟಿಗೆ, ಬಾಡಿಗೆ ಕಡಿಮೆ. 1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಿರಾರ್ಡೆಲಿ ಚಾಕೊಲೇಟ್ ಕಾರ್ಖಾನೆ ಅಂಗಡಿ-ಹೋಟೆಲುಗಳ ಚೌಕವಾಯಿತು. ನಮ್ಮ ಬರ್ಮಿಂಗ್‌ಹ್ಯಾಮ್‌ನ ಡಿಗ್ಬೆತ್‌ನಲ್ಲಿರುವ ಕಸ್ಟರ್ಡ್ ಫ್ಯಾಕ್ಟರಿಯನ್ನು ನೀವು ನೋಡಿದ್ದೀರಿ. ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿ ನಮ್ಮಂಥ ಸಸ್ಯಾಹಾರಿಗಳಿಗೆ ಉಪಕಾರ ಮಾಡಿದ ಆಲ್ಫ್ರೆಡ್ ಬರ್ಡ್‌ನ ಕಂಪನಿಯ ಕಾರ್ಖಾನೆ ಅದು. ಈಗ ಅಲ್ಲಿ ಕಲಾವಿದರ ಕೋಣೆಗಳು, ಕಾಫಿ ಅಂಗಡಿಗಳು. ಬಡ ಚಿತ್ರಕಾರನಿಗೆ ಬೇರೆ ದಾರಿಯಿಲ್ಲದೆ ಸಿಕ್ಕ ಗೋಡೆ ಹೀಗೆ ಹೋಟೆಲಿನ ಗೋಡೆಯಾಯಿತು. ಹೋಟೆಲಿನಲ್ಲಿ ಉಂಡವರು ಅದನ್ನು ಮನೆಯ ಊಟದ ಕೋಣೆಗೆ ತಂದರು.

ಇಲ್ಲಿಗೆ ನನ್ನ ಓದು ಮುಗಿಯಬೇಕಿತ್ತು. ಆದರೆ ಬರ್ಮಿಂಗ್‌ಹ್ಯಾಮ್‌ನಲ್ಲೇ ಹುಟ್ಟಿದ ಇನ್ನೊಬ್ಬ ಮನುಷ್ಯ ನನ್ನನ್ನು ಭಾರತಕ್ಕೆ ಎಳೆದುಕೊಂಡು ಹೋದ. ಲಾರಿ ಬೇಕರ್. 1917ರಲ್ಲಿ ಇಲ್ಲಿ ಹುಟ್ಟಿ, ಇಲ್ಲಿಯೇ ವಾಸ್ತುಶಿಲ್ಪ ಕಲಿತವರು. ಎರಡನೇ ಮಹಾಯುದ್ಧದಲ್ಲಿ ಶುಶ್ರೂಷಾ ತಂಡದೊಂದಿಗೆ ಚೀನಾಕ್ಕೆ ಹೋಗಿದ್ದರು. ಮರಳುವಾಗ ಹಡಗಿಗಾಗಿ ಬೊಂಬಾಯಿಯಲ್ಲಿ ಕಾಯಬೇಕಾಯಿತು, ಅಲ್ಲಿ ಗಾಂಧೀಜಿಯವರನ್ನು ಕಂಡರು. ಮನೆಯನ್ನು ಅದರ ಐದು ಮೈಲಿ ಸುತ್ತಳತೆಯಲ್ಲಿ ಸಿಗುವ ವಸ್ತುಗಳಿಂದ ಕಟ್ಟಬೇಕು ಎಂಬ ಗಾಂಧೀಜಿಯ ಮಾತು ಅವರ ಮನಸ್ಸಿನಲ್ಲಿ ನಿಂತಿತು. 1945ರಲ್ಲಿ ಕುಷ್ಠರೋಗಿಗಳ ಸೇವೆಗಾಗಿ ಭಾರತಕ್ಕೆ ಮರಳಿದರು, ಮಲಯಾಳಿ ವೈದ್ಯೆಯನ್ನು ಮದುವೆಯಾದರು, ಕಡೆಗೆ ತಿರುವನಂತಪುರದಲ್ಲಿ ನೆಲೆಸಿದರು. 1990ರಲ್ಲಿ ಪದ್ಮಶ್ರೀ ಬಂತು, 2007ರಲ್ಲಿ ತೀರಿಕೊಂಡರು.

ಬೇಕರ್ ಕಟ್ಟಿದ ಒಂದು ಊಟದ ಜಾಗವನ್ನು ನಾನು ಅವರ ಹೆಸರು ಗೊತ್ತಿಲ್ಲದೆಯೇ ನೋಡಿದ್ದೆ. ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಗ ಆಡಿಟ್ ಕೆಲಸಕ್ಕೆ ತಿರುವನಂತಪುರಕ್ಕೆ ಹೋಗಿದ್ದೆವು. ತಂಪಾನೂರಿನ ಬಸ್ ನಿಲ್ದಾಣದ ಹತ್ತಿರ ಇಂಡಿಯನ್ ಕಾಫಿ ಹೌಸ್. ಉರುಟಾದ ಕೆಂಪು ಕಟ್ಟಡ. ಒಳಗೆ ಮೆಟ್ಟಿಲಿಲ್ಲ, ಸುತ್ತುತ್ತಾ ಏರುವ ಇಳಿಜಾರು. ಹೊರಗೋಡೆಯ ಉದ್ದಕ್ಕೂ ಊಟದ ಮೇಜುಗಳು. ಗೋಡೆಯಲ್ಲಿ ಬಿಟ್ಟ ಸಾಲುಸಾಲು ಕಿಂಡಿಗಳಿಂದ ಗಾಳಿ ಮತ್ತು ಬೆಳಕು. ಬೀಟ್‌ರೂಟ್ ಹಾಕಿದ ಮಸಾಲೆ ದೋಸೆ ತಿನ್ನುತ್ತಾ, "ಪಾಪ, ಇವರಿಗೂ ದುಡ್ಡು ಸಾಲಲಿಲ್ಲವೇನೋ" ಎಂದುಕೊಂಡಿದ್ದೆ. ತಿಪಟೂರಿನ ಊಟದ ಮನೆ ತಲೆಯಿಂದ ಹೋಗಿರಲಿಲ್ಲ.

ನನ್ನ ಊಹೆ ತಪ್ಪಾಗಿತ್ತು. ಬೇಕರ್‌ಗೆ ಗಿಲಾವಿಲ್ಲದ ಇಟ್ಟಿಗೆ ಒಂದು ಲೆಕ್ಕಾಚಾರ. ತಿರುವನಂತಪುರದಲ್ಲಿ ಅವರು ಕಟ್ಟಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಆವರಣವನ್ನು ನೋಡಿ: ಗಿಲಾವಿಲ್ಲದ ಗೋಡೆಗಳು, ಇಟ್ಟಿಗೆಯ ಜಾಲಂಧ್ರಗಳು. ಗಿಲಾವು ಬಿಟ್ಟರೆ ಸಿಮೆಂಟು ಉಳಿಯಿತು, ಬಣ್ಣ ಉಳಿಯಿತು, ವರ್ಷವರ್ಷದ ಸುಣ್ಣವೂ ಉಳಿಯಿತು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಡುವ "ರ‍್ಯಾಟ್ ಟ್ರ್ಯಾಪ್" ಜೋಡಣೆಯನ್ನು ಅವರು ಬಳಕೆಗೆ ತಂದರು; ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನಿಂದ ಒಳಗೆ ಶಾಖವೂ ಕಡಿಮೆ. ಈ ಜೋಡಣೆ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಅಗ್ಗದ ಮನೆಗಳಿಗೆ ಬಳಸುತ್ತಿದ್ದದ್ದೇ. ಇಲ್ಲಿನ ಬಡವರ ಗೋಡೆಯ ವಿದ್ಯೆಯನ್ನು ಅಲ್ಲಿಗೆ ಒಯ್ದು, ಅದಕ್ಕೆ ಮರ್ಯಾದೆ ತಂದುಕೊಟ್ಟರು.

ನೋಡಲು ಒಂದೇ ರೀತಿಯ ಎರಡು ಗೋಡೆ. ಒಂದರಲ್ಲಿ ಗಿಲಾವು ಹಾಕದೆ ಉಳಿಸಿದ ಹಣವಿದೆ, ಕಣ್ಣಿಗೆ ಬೀಳುತ್ತದೆ ಎಂದು ಗೊತ್ತಿದ್ದೇ ನೇರವಾಗಿ ಕಟ್ಟಿದ ಕೈಯಿದೆ. ಇನ್ನೊಂದರಲ್ಲಿ ಹಾಕಿದ ಗಿಲಾವನ್ನು ಕೀಳಲು ಮಾಡಿದ ಖರ್ಚಿದೆ, ಯಾರೂ ನೋಡುವುದಿಲ್ಲ ಎಂದು ನಂಬಿ ಕಟ್ಟಿದ ಕೈಯಿದೆ. ಜಮೆಯನ್ನೂ ಖರ್ಚನ್ನೂ ಒಂದೇ ಕಾಲಂನಲ್ಲಿ ಬರೆಯಲಾಗದು.

ಇಷ್ಟು ತಿಳಿದ ಮೇಲೆ ಮೇಸ್ತ್ರಿಗೆ, ಮೊದಲು ಎರಡು ಅಡಿ ಚೌಕದಷ್ಟು ಮಾತ್ರ ಕೆರೆಯಿರಿ ಎಂದೆ. ಆಡಿಟ್‌ನಲ್ಲಿ ಇದಕ್ಕೆ ಸ್ಯಾಂಪಲ್ ಎನ್ನುತ್ತೇವೆ. ಒಳಗೆ ನಾಲ್ಕು ಬಣ್ಣದ ಇಟ್ಟಿಗೆ, ಉಗುರು ಒತ್ತಿದರೆ ಪುಡಿಯಾಗುವಂಥವೂ ಇದ್ದವು. ಮೊಳೆ ಹೊಡೆಯಲು ಸಂದಿಗೆ ತುರುಕಿದ ಮರದ ತುಂಡು. ಹಿಂದೆ ಯಾವಾಗಲೋ ರಿಪೇರಿಗೆ ಮೆತ್ತಿದ ಸಿಮೆಂಟು. ಇಂಥ ಮನೆಗಳು ಸುಣ್ಣದ ಗಾರೆಯವು. ಸುಣ್ಣ ತೇವವನ್ನು ಒಳಗೆಳೆದು ಹೊರಗೆ ಬಿಡುತ್ತದೆ. ಸಂದಿಗೆ ಗಟ್ಟಿ ಸಿಮೆಂಟು ತುಂಬಿದರೆ ತೇವ ಮೆತ್ತನೆಯ ಇಟ್ಟಿಗೆಯ ಮೂಲಕವೇ ಹೊರಬರಬೇಕು, ಆಗ ಇಟ್ಟಿಗೆಯ ಮುಖ ಪದರಪದರವಾಗಿ ಉದುರುತ್ತದೆ. ಮೇಲಾಗಿ ಅದು ನೆರೆಯವರೊಂದಿಗೆ ಹಂಚಿಕೊಂಡ ಗೋಡೆ. ಗಿಲಾವು ಹೋದರೆ ಅವರ ಟಿವಿ ನಮಗೆ, ನಮ್ಮ ಮಿಕ್ಸಿ ಅವರಿಗೆ ಇನ್ನಷ್ಟು ಚೆನ್ನಾಗಿ ಕೇಳುತ್ತದೆ. ಅಂದಾಜು ಪಟ್ಟಿಯ ಕೊನೆಯ ಸಾಲು 20 ಶೇಕಡಾ ವ್ಯಾಟ್. ಹೊಸ ಮನೆ ಕಟ್ಟಿದರೆ ಈ ದೇಶದಲ್ಲಿ ವ್ಯಾಟ್ ಸೊನ್ನೆ, ಹಳೆಯದನ್ನು ದುರಸ್ತಿ ಮಾಡಿದರೆ 20. ಇಟ್ಟಿಗೆ ತೆರಿಗೆ ಹೋಗಿ 170 ವರ್ಷ ದಾಟಿದರೂ ಹಳೆಯ ಗೋಡೆಯನ್ನು ತೆರಿಗೆಯವರು ಬಿಟ್ಟಿಲ್ಲ.

ಇದನ್ನು ಮಾಡಹೊರಟವರಿಗೆ ನನ್ನ ಸಲಹೆ ಇಷ್ಟೇ. ಮೊದಲು ಚಿಕ್ಕದಾಗಿ ಕೆರೆದು ನೋಡಿ. ಇಟ್ಟಿಗೆ ಗಟ್ಟಿಯಿದ್ದು ನಿಮಗೆ ಹಿಡಿಸಿದರೆ ಮುಂದುವರಿಯಿರಿ, ಆದರೆ ಸಂದಿಗೆ ಸುಣ್ಣದ ಗಾರೆಯನ್ನೇ ತುಂಬಿಸಿ. ಹೊರಗೋಡೆಯನ್ನು ಒಳಗಿನಿಂದ ಕೆರೆಯಬೇಡಿ, ಚಳಿಗಾಲದಲ್ಲಿ ಪಶ್ಚಾತ್ತಾಪ ಪಡುತ್ತೀರಿ. ಊರಿನಲ್ಲಿ ಹೊಸ ಮನೆ ಕಟ್ಟಿಸುವವರಾದರೆ ಬೇಕರ್ ದಾರಿ ಹಿಡಿಯಿರಿ: ಈ ಗೋಡೆಗೆ ಗಿಲಾವಿಲ್ಲ ಎಂದು ಬುನಾದಿ ಹಾಕುವಾಗಲೇ ಮೇಸ್ತ್ರಿಗೆ ಹೇಳಿ. ಅವನು ಇಟ್ಟಿಗೆ ಆರಿಸುತ್ತಾನೆ, ದಾರ ಕಟ್ಟಿ ಕಟ್ಟುತ್ತಾನೆ.

ನಾವೇನು ಮಾಡಿದೆವು ಎಂದು ಕೇಳುತ್ತೀರಿ. ಆ ಎರಡು ಅಡಿ ಚೌಕಕ್ಕೆ ಮತ್ತೆ ಸುಣ್ಣದ ಗಿಲಾವು ಹಾಕಿಸಿದೆವು. ಮನೆಯಾಕೆ ಒಂದು ವಾರ ಮುನಿಸಿಕೊಂಡಿದ್ದಳು. ಆಮೇಲೆ ಅಲ್ಲಿಗೆ ಹಸಿರು ಬಣ್ಣ ಆರಿಸಿದಳು.

ಮುಗಿದ ಮೇಲೆ ಅಪ್ಪನಿಗೆ ಗೋಡೆ ತೋರಿಸಿದೆ. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಒಂದು ಪ್ರಶ್ನೆಯನ್ನೂ ಕೇಳಿದೆ. ಒಂಬತ್ತು ವರ್ಷದ ನಂತರ ಸಂಬಳದ ಬಾಕಿ ಬಂದಾಗ ಅವರ ಮಲಗುವ ಕೋಣೆ ಬಿಟ್ಟು, ಮೊದಲು ಊಟದ ಮನೆಗೇ ಗಿಲಾವು ಹಾಕಿಸಿದ್ದರು. ಯಾಕೆ?

"ಮನೆಗೆ ಬಂದೋರು ಉಣ್ಣುವಾಗ ನಮ್ಮ ಸಾಲ ಅವರ ಕಣ್ಣಿಗೆ ಬೀಳಬಾರದು ಕಣೋ" ಎಂದರು. ಸ್ವಲ್ಪ ತಡೆದು, "ಅದೂ ಅಲ್ದೆ, ನೀನು ಗೆಳೆಯರನ್ನ ಕರ್ಕೊಂಡು ಬರೋದನ್ನೇ ನಿಲ್ಲಿಸಿಬಿಟ್ಟಿದ್ದೆ" ಎಂದರು.

ಅಪ್ಪ ಅದನ್ನು ಗಮನಿಸಿದ್ದರು ಎಂದು ನನಗೆ ಗೊತ್ತಾಗಲು ಮೂವತ್ತು ವರ್ಷ ಹಿಡಿಯಿತು.

ಬರಿಗೋಡೆಯ ಪಕ್ಕ ಉಣ್ಣುವುದು ಚಂದವೋ ಅಲ್ಲವೋ ಎಂಬ ತೀರ್ಪು ನನ್ನಿಂದ ಬೇಡ. ಅದನ್ನು ಬರಿದಾಗಿ ಬಿಟ್ಟವರಿಗೆ ಬೇರೆ ಆಯ್ಕೆ ಇತ್ತೇ ಎಂದು ಕೇಳಿಕೊಳ್ಳುವ ಅಭ್ಯಾಸ ನಮಗಿರಲಿ, ಅಷ್ಟು ಸಾಕು. ಮುಂದಿನ ಸಲ ಊರಿಗೆ ಹೋದಾಗ, ಗಿಲಾವಾಗದ ಮನೆಯಲ್ಲಿ ಯಾರಾದರೂ ಎಲೆ ಹಾಕಿ ಕೂರಿಸಿದರೆ "ಇನ್ನೂ ಮುಗಿದಿಲ್ವಾ" ಎಂದು ಕೇಳಬೇಡಿ. ಚೆನ್ನಾಗಿ ಉಂಡು ಬನ್ನಿ.

ನನ್ನ ಮಾತು ಮುಗಿಯಿತು. ಅಡುಗೆಯವರು ಬಾಗಿಲಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದಾರೆ.